ವಿಲಿಯಂ ಕೇರಿ ಕಥೆಯಲ್ಲಿ ಡೊರೊಥಿ ಎಲ್ಲಿ ಹೋದರು?

ಕಟ್ಟೆಮನೆ_ಓದು

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಸಭೆಯ ಸಂಡೇ ಸ್ಕೂಲಲ್ಲಿ ನಾನು ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಪ್ರತಿ ವರ್ಷ ಒಂದು ವಾರ ವಿಲಿಯಂ ಕೇರಿ ಕಥೆ ಬರುತ್ತದೆ. ಬೂಟು ಹೊಲಿಯುವ ಬಡ ಹುಡುಗ, ಹಳ್ಳಿಯ ಬ್ಯಾಪ್ಟಿಸ್ಟ್ (ದೊಡ್ಡವರಾದ ಮೇಲೆ ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವ ಕ್ರೈಸ್ತ ಪಂಗಡ) ಬೋಧಕನಾದ, ಭಾರತಕ್ಕೆ ಬಂದ, ಎಷ್ಟೋ ಭಾಷೆಗೆ ಬೈಬಲ್ ತಂದ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮನೆಗೆ ಹೋಗುತ್ತಾರೆ.

ಹೋದ ಸಲ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೇರಿಯವರ ಮಕ್ಕಳ ಬಗ್ಗೆ ಕೇಳಿದಳು: "ಮಿಸ್, ಅವರಿಗೆ ಅಮ್ಮ ಇರ್ಲಿಲ್ವಾ, ಆ ಮಕ್ಕಳಿಗೆ?" ನನಗೆ ಉತ್ತರ ಗೊತ್ತಿರಲಿಲ್ಲ. ಹೆಂಡತಿ ಹೆಸರು ಡೊರೊಥಿ ಅಂತ ಮಾತ್ರ ಗೊತ್ತಿತ್ತು. ಆ ರಾತ್ರಿ ಓದಲು ಕೂತವಳು ಎರಡು ತಿಂಗಳಾದರೂ ಏಳಲಿಲ್ಲ. ಓದಿದ್ದನ್ನು ಇಲ್ಲಿ ಹಾಕುತ್ತೇನೆ. ತಿಳಿದವರು ಸೇರಿಸಿ, ತಪ್ಪಿದ್ದರೆ ತಿದ್ದಿ.

ಕೇರಿ ಹುಟ್ಟಿದ್ದು 1761ರ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ಪಾಲರ್ಸ್‌ಪರಿ ಹಳ್ಳಿಯಲ್ಲಿ. ಅಪ್ಪ ಎಡ್ಮಂಡ್ ನೇಕಾರರು, ಆಮೇಲೆ ಊರ ಶಾಲೆಯ ಮೇಷ್ಟ್ರು. ಐದು ಮಕ್ಕಳಲ್ಲಿ ವಿಲಿಯಂ ದೊಡ್ಡವರು. ಬಿಸಿಲು ಬಿದ್ದರೆ ಚರ್ಮ ಕೆಡುತ್ತಿತ್ತು. ಹಾಗಾಗಿ ಹೊಲದ ಕೆಲಸ ಆಗಲಿಲ್ಲ. ಹದಿನಾಲ್ಕರ ಹೊತ್ತಿಗೆ ಪಿಡಿಂಗ್ಟನ್ ಎಂಬ ಪಕ್ಕದ ಹಳ್ಳಿಯಲ್ಲಿ ಬೂಟು ಹೊಲಿಯುವವರ ಹತ್ತಿರ ಕೆಲಸ ಕಲಿಯಲು ಬಿಟ್ಟರು. ಬ್ಯಾಪ್ಟಿಸ್ಟ್ ದಾರಿ ಹುಟ್ಟಿನಿಂದ ಬಂದದ್ದಲ್ಲ. ಮನೆಯವರೆಲ್ಲ ಸರ್ಕಾರಿ ಚರ್ಚಿನವರು, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನವರು. ಜೊತೆಗೆ ಕೆಲಸ ಕಲಿಯುತ್ತಿದ್ದ ಜಾನ್ ವಾರ್ ಎಂಬ ಹುಡುಗನ ಜೊತೆ ವಾದ ಮಾಡಿ ಮಾಡಿ ಈ ಕಡೆ ಬಂದರು. 1783ರ ಅಕ್ಟೋಬರ್ 5ರಂದು ನಾರ್ಥಾಂಪ್ಟನ್ನಿನ ನೆನ್ ಹೊಳೆಯಲ್ಲಿ ದೀಕ್ಷಾಸ್ನಾನ ಆಯಿತು.

ಅಷ್ಟರಲ್ಲಿ ಮದುವೆಯಾಗಿ ಎರಡು ವರ್ಷ ಕಳೆದಿತ್ತು. 1781ರ ಜೂನ್ 10, ಪಿಡಿಂಗ್ಟನ್ ಚರ್ಚು. ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಡೊರೊಥಿ ಪ್ಲಾಕೆಟ್ ಅವರಿಗೆ ಇಪ್ಪತ್ತೈದು. ಮದುವೆ ಪುಸ್ತಕದಲ್ಲಿ ಅವರು ಸಹಿ ಹಾಕಲಿಲ್ಲ. ಅಕ್ಷರ ಬರುತ್ತಿರಲಿಲ್ಲ, ಒಂದು ಕತ್ತರಿ ಗೀಟು ಎಳೆದರು. ಮುಂದೆ ಇಷ್ಟೊಂದು ಭಾಷೆಗಳಿಗೆ ವ್ಯಾಕರಣ, ನಿಘಂಟು ಬರೆದವರ ಹೆಂಡತಿ ಇವರು. ಆ ಗೀಟು ನನ್ನ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಮೊದಲ ಮಗು ಆನ್. ಎರಡು ವರ್ಷದಲ್ಲೇ ಜ್ವರ ಬಂದು ತೀರಿಹೋಯಿತು. ಅದೇ ಜ್ವರದಲ್ಲಿ ಕೇರಿಯವರೂ ಮಲಗಿದರು, ತಲೆಗೂದಲು ಉದುರಿತು.

ಬೆಳಗಿನ_ಜಾವ

ಒಳ್ಳೆ ವಿಷಯ ಎತ್ತಿದ್ದೀರಿ, ತಂಗಿ. ಮೌಲ್ಟನ್ ಹಳ್ಳಿಯ ದಿನಗಳನ್ನು ನಾನು ಸೇರಿಸುತ್ತೇನೆ. ನನಗೆ ಕೇರಿ ಹತ್ತಿರವಾಗುವುದು ಅಲ್ಲೇ.

1785ರಲ್ಲಿ ಅಲ್ಲಿಗೆ ಹೋದರು. ಹಗಲು ಶಾಲೆ, ಭಾನುವಾರ ಸಭೆ, ಉಳಿದ ಹೊತ್ತು ಬೂಟು. ಸಭೆಯವರು ಕೊಡುತ್ತಿದ್ದದ್ದು ವರ್ಷಕ್ಕೆ ಹತ್ತು ಹನ್ನೊಂದು ಪೌಂಡ್. ಅದರಲ್ಲಿ ಸಂಸಾರ ನಡೆಯುವುದಿಲ್ಲ. ಹೊಲಿದ ಬೂಟುಗಳನ್ನು ಚೀಲದಲ್ಲಿ ಹೊತ್ತುಕೊಂಡು ಮೈಲಿಗಟ್ಟಲೆ ನಡೆದು ಕೊಟ್ಟು ಬರುತ್ತಿದ್ದರು. ಮನೆಯಲ್ಲಿ ತಿಂಗಳುಗಟ್ಟಲೆ ಮಾಂಸ ಕಾಣುತ್ತಿರಲಿಲ್ಲ. ಶಾಲೆಯ ಗೋಡೆಗೆ ಕಾಗದ ಅಂಟಿಸಿ ಕೈಯಲ್ಲೇ ಪ್ರಪಂಚದ ನಕ್ಷೆ ಬರೆದಿದ್ದರು. ಒಂದೊಂದು ದೇಶದ ಮೇಲೂ ಅಲ್ಲಿಯ ಜನ ಎಷ್ಟು, ಧರ್ಮ ಯಾವುದು ಎಂದು ಗುರುತು ಹಾಕಿದ್ದರು. ಅವರಿಂದ ಬೂಟು ಕೊಳ್ಳುತ್ತಿದ್ದ ಕೆಟರಿಂಗ್‌ನ ಥಾಮಸ್ ಗಾಚ್ ಅವರು, "ವಾರಕ್ಕೆ 10 ಶಿಲ್ಲಿಂಗ್ ಕೊಡ್ತೀನಿ, ಹೊಲಿಯೋದು ಬಿಡು, ಓದು" ಎಂದರಂತೆ. ಇಂಥ ದೊಡ್ಡ ಮನಸ್ಸಿನವರು ಎಲ್ಲ ಕಾಲದಲ್ಲೂ ಇರುತ್ತಾರೆ, ಅಲ್ವಾ?

1789ರಲ್ಲಿ ಲೆಸ್ಟರ್ ಪಟ್ಟಣದ ಸಭೆಗೆ ಹೋದರು. 1792ರ ಅಕ್ಟೋಬರ್ 2ರಂದು ಕೆಟರಿಂಗ್‌ನಲ್ಲಿ, ವಿಧವೆ ವಾಲಿಸ್ ಅವರ ಮನೆಯ ಹಿಂದಿನ ಕೋಣೆಯಲ್ಲಿ, ಬೇರೆ ದೇಶಗಳಿಗೆ ಬೋಧಕರನ್ನು ಕಳಿಸುವ ಬ್ಯಾಪ್ಟಿಸ್ಟ್ ಮಿಷನ್ ಶುರುವಾಯಿತು. ಅಲ್ಲಿ ಕೂತಿದ್ದವರು ಕೊಡುತ್ತೇವೆಂದು ಬರೆಸಿದ ಹಣ 13 ಪೌಂಡ್ 2 ಶಿಲ್ಲಿಂಗ್ 6 ಪೆನ್ಸ್. ಅಷ್ಟೇ.

ಒಂದು ವಿನಂತಿ. ಡೊರೊಥಿ ಅವರ ಕಷ್ಟ ಹೇಳುವಾಗ ಕೇರಿಯವರನ್ನು ಕಲ್ಲು ಹೃದಯದವರು ಎಂದು ಮಾಡಬೇಡಿ. ಆ ಮನೆಯ ಬಡತನ ಇಬ್ಬರದ್ದೂ ಆಗಿತ್ತು.

ಕಟ್ಟೆಮನೆ_ಓದು

ಅಣ್ಣಾ, ಹಾಗೆ ಮಾಡಲ್ಲ. ಆದರೆ 1793ರಲ್ಲಿ ನಡೆದದ್ದನ್ನು ಹಾಗೇ ಹೇಳಬೇಕು.

ಮಿಷನ್ ಕೇರಿಯವರನ್ನು ಬಂಗಾಳಕ್ಕೆ ಕಳಿಸುವುದೆಂದು ತೀರ್ಮಾನಿಸಿತು. ಜೊತೆಗೆ ಜಾನ್ ಥಾಮಸ್ ಎಂಬ ಡಾಕ್ಟರು. ಡೊರೊಥಿ ಅವರು ಬರಲ್ಲ ಎಂದರು. ಆಗ ಲೂಸಿ ಎಂಬ ಮಗಳನ್ನೂ ಮಣ್ಣು ಮಾಡಿ ಆಗಿತ್ತು. ಫೀಲಿಕ್ಸ್, ವಿಲಿಯಂ, ಪೀಟರ್ ಮೂವರೂ ಚಿಕ್ಕವರು. ಹೊಟ್ಟೆಯಲ್ಲಿ ಇನ್ನೊಂದು. ಹುಟ್ಟಿದ ಊರಿನ ಸುತ್ತಮುತ್ತ ಬಿಟ್ಟು ಹೋಗಿ ಗೊತ್ತಿಲ್ಲದ ಹೆಂಗಸು. ಸಮುದ್ರದಲ್ಲಿ ಐದು ತಿಂಗಳು. ಬರಲ್ಲ ಎಂದದ್ದರಲ್ಲಿ ನನಗಂತೂ ತಪ್ಪು ಕಾಣಲ್ಲ.

ಕೇರಿಯವರು ಫೀಲಿಕ್ಸ್‌ನನ್ನು ಮಾತ್ರ ಕರೆದುಕೊಂಡು ಹೊರಟರು. ಹಡಗು ಹತ್ತಿಯೂ ಆಯಿತು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇರಲಿಲ್ಲ, ಇಳಿಸಿಬಿಟ್ಟರು. ಬೇರೆ ಹಡಗು ಹುಡುಕುವಷ್ಟರಲ್ಲಿ ಡೊರೊಥಿ ಅವರಿಗೆ ಹೆರಿಗೆ ಆಗಿತ್ತು, ಮಗು ಜೇಬಜ್. ಕೇರಿ, ಥಾಮಸ್ ಇಬ್ಬರೂ ಮತ್ತೆ ಊರಿಗೆ ಬಂದು ಕೇಳಿದರು. ಮತ್ತೆ ಬರಲ್ಲ ಎಂದರು. ಇಬ್ಬರೂ ಹೊರಟು ಸ್ವಲ್ಪ ದೂರ ಹೋದ ಮೇಲೆ ಥಾಮಸ್ ಒಬ್ಬರೇ ವಾಪಸ್ ಬಂದರು. ನೀವು ಬರದಿದ್ದರೆ ಸಂಸಾರ ಶಾಶ್ವತವಾಗಿ ಒಡೆದುಹೋಗುತ್ತದೆ, ಬದುಕಿರುವ ತನಕ ಇದಕ್ಕಾಗಿ ಕೊರಗುತ್ತೀರಿ ಎಂದು ಹೇಳಿದರು. ಇದನ್ನು ಥಾಮಸ್ ಅವರೇ ಬರೆದಿದ್ದಾರೆ. ಆ ಮಾತಿಗೆ ಹೆದರಿ ಒಪ್ಪಿದರು. ತಂಗಿ ಕಿಟ್ಟಿ ಜೊತೆಗೆ ಬಂದರೆ ಮಾತ್ರ ಎಂದು ಒಂದು ಷರತ್ತು ಹಾಕಿದರು. ಪಾಪ, ಅದೊಂದೇ ಅವರು ತಮಗಾಗಿ ಕೇಳಿದ್ದು.

ಜೂನ್ 13ರಂದು ಡೋವರ್ ಬಂದರಿನಿಂದ ಡೆನ್ಮಾರ್ಕಿನ ಹಡಗು ಹೊರಟಿತು. ಜೇಬಜ್‌ಗೆ ಆಗ ಕೆಲವೇ ವಾರ. ಬಾಣಂತಿ ಹಡಗು ಹತ್ತಿದರು.

ಅದನ್ನು ಓದಿದ ಮೇಲೆ ನಾನು ಅಮ್ಮನಿಗೆ ಫೋನ್ ಮಾಡಿದೆ. ನಮ್ಮಪ್ಪ ಸಭಾಪಾಲಕರಾಗಿದ್ದವರು. ಆರು ಸಲ ವರ್ಗ ಆಯಿತು. ಮೂರನೇ ಸಲ ನನ್ನ ತಮ್ಮ ಹುಟ್ಟಿ ಇಪ್ಪತ್ತು ದಿನ. ಲಾರಿಯ ಮುಂದೆ ಮಗು ಇಟ್ಟುಕೊಂಡು ಅಮ್ಮ ಕೂತದ್ದು ನನಗೆ ನೆನಪಿದೆ. "ನಿನ್ನನ್ನ ಯಾರಾದ್ರೂ ಕೇಳಿದ್ರಾ ಅಮ್ಮಾ?" ಎಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಕೇಳೋ ಪದ್ಧತಿ ಇರ್ಲಿಲ್ಲ ಮಗಾ" ಎಂದರು.

ಹೂಗ್ಲಿದಡದ_ಕನ್ನಡಿಗ

ನಾನು ಕೊಲ್ಕತ್ತಾದಲ್ಲಿ ಹದಿನಾರು ವರ್ಷದಿಂದ ಇದ್ದೇನೆ ಮೇಡಂ. ಇಲ್ಲಿಗೆ ಬಂದ ಮೇಲಿನ ಕಥೆ ನಾನು ಹೇಳುತ್ತೇನೆ.

1793ರ ನವೆಂಬರ್ 11ಕ್ಕೆ ಕಲ್ಕತ್ತಾ ತಲುಪಿದರು. ಹಣದ ವ್ಯವಹಾರ ಥಾಮಸ್ ಕೈಯಲ್ಲಿತ್ತು. ಅವರಿಗೆ ಮೊದಲಿನಿಂದಲೂ ಸಾಲ. ಕೆಲವೇ ವಾರದಲ್ಲಿ ಕೈ ಖಾಲಿ. ಮಾಣಿಕ್ತಲಾದಲ್ಲಿ ಒಂದು ಹಳೇ ಚಿಕ್ಕ ಮನೆ, ಅದೂ ಬೇರೆಯವರ ದಯೆಯಿಂದ. ಡೊರೊಥಿ ಅವರಿಗೂ ಫೀಲಿಕ್ಸ್‌ಗೂ ರಕ್ತಭೇದಿ ಹಿಡಿಯಿತು. ಹೆಂಡತಿ, ನಾದಿನಿ ಇಬ್ಬರೂ ನನ್ನನ್ನು ಬೈಯುತ್ತಲೇ ಇರುತ್ತಾರೆ, ಬ್ರೆಡ್ ಸಿಗಲ್ಲ ಎಂದು ಕೊರಗುತ್ತಾರೆ ಎಂದು ಕೇರಿ 1794ರ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಮಿಷನ್ ಎಷ್ಟು ಮುಖ್ಯ ಎಂದು ಇವರಿಗೆ ನನ್ನಷ್ಟು ಕಾಣುವುದಿಲ್ಲ ಎಂದೂ ಬರೆದಿದ್ದಾರೆ. ರಕ್ತಭೇದಿ ಆದವರಿಗೆ ತಮ್ಮೂರಿನ ಊಟ ಬೇಕೆನಿಸುವುದು ಸಹಜ ಅಲ್ವಾ? ನಾನು ಇಲ್ಲಿಗೆ ಬಂದ ಹೊಸದರಲ್ಲಿ ಟೈಫಾಯ್ಡ್ ಬಂದಾಗ ರಾಗಿ ಗಂಜಿಗೆ ಹಂಬಲಿಸಿ ಅತ್ತಿದ್ದೇನೆ.

ಅಲ್ಲಿಂದ ಸುಂದರಬನದ ಕಡೆ ದೇಬಹಾಟಾಗೆ ಹೋದರು. ಹುಲಿ ಓಡಾಡುವ ಕಾಡು. ಅಲ್ಲಿ ಕಂಪನಿಯ ಉಪ್ಪಿನ ಕೆಲಸ ನೋಡುತ್ತಿದ್ದ ಚಾರ್ಲ್ಸ್ ಶಾರ್ಟ್, ಯಾರು ಏನು ಅಂತ ಗೊತ್ತಿಲ್ಲದಿದ್ದರೂ ಮನೆಗೆ ಕರೆದು ಊಟ ಹಾಕಿದರು. ಕಿಟ್ಟಿ ಅವರನ್ನೇ ಮದುವೆಯಾಗಿ ಅಲ್ಲೇ ಉಳಿದರು. ಒಳ್ಳೆಯದೇ ಆಯಿತು. ಆದರೆ ಡೊರೊಥಿ ಅವರ ಕಡೆಯಿಂದ ನೋಡಿ. ಯಾರ ಜೊತೆಗಿದ್ದರೆ ಬರುತ್ತೇನೆ ಎಂದಿದ್ದರೋ ಆ ತಂಗಿಯೇ ವರ್ಷದೊಳಗೆ ಕೈ ಬಿಟ್ಟಂತಾಯಿತು.

1794ರ ಮಧ್ಯದಲ್ಲಿ ಕೇರಿಗೆ ಮಾಲ್ದಾ ಕಡೆಯ ಮುದ್ನಾಬಾಟಿಯಲ್ಲಿ ನೀಲಿ ಬಣ್ಣ (ಇಂಡಿಗೊ) ತೆಗೆಯುವ ಕಾರ್ಖಾನೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 200 ರೂಪಾಯಿ. ಮೊದಲ ಸಲ ಹೊಟ್ಟೆ ತುಂಬ ಊಟ. ಅದೇ ಅಕ್ಟೋಬರಿನಲ್ಲಿ ಐದು ವರ್ಷದ ಪೀಟರ್ ಭೇದಿಯಾಗಿ ತೀರಿಕೊಂಡ. ಬೇರೆ ಧರ್ಮದ ಹೆಣ ಮುಟ್ಟಿದರೆ ಜಾತಿ ಕೆಡುತ್ತದೆಂದು ಜನ ಹೆದರಿದರು. ಕುಳಿ ತೋಡಲು, ಹೊರಲು ಆಳು ಸಿಗುವುದೇ ಕಷ್ಟವಾಯಿತು. ಅಪ್ಪ ಅಮ್ಮ ಇಬ್ಬರೂ ಕಾಯಿಲೆಯಲ್ಲಿದ್ದರು.

ಆನ್, ಲೂಸಿ, ಪೀಟರ್. ಮೂರನೆಯ ಮಗು ಹೋಯಿತು. ಮುಂದಿನ ವರ್ಷ ಡೊರೊಥಿ ಅವರ ಮನಸ್ಸು ಕೆಟ್ಟಿತು.

ನರ್ಸಕ್ಕ_ಧಾರವಾಡ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇದಕ್ಕೆ ಬರೆಯದಿದ್ದರೆ ಆಗಲ್ಲ. ಮಾನಸಿಕ ರೋಗಿಗಳ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ನಾನು.

ಕೇರಿ 1795ರಲ್ಲಿ ತಂಗಿಯರಿಗೆ ಬರೆದ ಪತ್ರದಲ್ಲಿ ವಿಷಯ ಬರುತ್ತದೆ. ಗಂಡನಿಗೆ ಬೇರೆ ಹೆಂಗಸರ ಸಂಬಂಧ ಇದೆ ಎಂದು ಡೊರೊಥಿ ಅವರಿಗೆ ಬಲವಾದ ನಂಬಿಕೆ ಬಂತು. ಹಿಂದೆ ಹಿಂದೆ ಹೋಗಿ ಜನರ ಮುಂದೆ ಕೂಗಾಡುತ್ತಿದ್ದರು. ನನ್ನ ಜೀವಕ್ಕೇ ಅಪಾಯ ಇತ್ತು ಎಂದು ಕೇರಿ ಬರೆದಿದ್ದಾರೆ. ಆ ಮಾತು ಸುಳ್ಳು ಎಂದು ಹತ್ತಿರದವರಿಗೆಲ್ಲ ಗೊತ್ತಿತ್ತು. ಇದಕ್ಕೆ ನಾವು ಈಗ ಭ್ರಮೆಯ ಕಾಯಿಲೆ ಎನ್ನುತ್ತೇವೆ. ಹೇಳಿ ತಿಳಿಸಿದರೆ ಹೋಗುವುದಲ್ಲ. ರೋಗಿಯ ಮಟ್ಟಿಗೆ ಅದು ಕಣ್ಣಾರೆ ಕಂಡ ಸತ್ಯ.

ದಯವಿಟ್ಟು ಇದನ್ನು ನಂಬಿಕೆ ಕಡಿಮೆ ಇತ್ತು, ಹಟಮಾರಿ ಹೆಂಗಸು ಅಂತ ಓದಬೇಡಿ. ಹಳೆಯ ಪುಸ್ತಕಗಳಲ್ಲಿ ಹಾಗೇ ಬರೆದಿದ್ದಾರೆ. ನನಗೆ ಹೊಟ್ಟೆ ಉರಿಯುತ್ತದೆ. ಒಂದರ ಮೇಲೊಂದು ಹೆರಿಗೆ, ರಕ್ತಭೇದಿ, ಮಗುವಿನ ಸಾವು, ಜೊತೆಗಿದ್ದ ತಂಗಿ ದೂರ, ಮಾತು ಬಾರದ ಊರು. ಕಾಯಿಲೆ ಶುರುವಾದ ಹೊತ್ತಿನಲ್ಲೇ ಮತ್ತೆ ಗರ್ಭಿಣಿ. ಜೊನಾಥನ್ ಹುಟ್ಟಿದ್ದು 1796ರಲ್ಲಿ. ಇದು ಯಾರ ಮೈ ಮನಸ್ಸಿಗೂ ಜಾಸ್ತಿ. ಇಂಥ ಕಾಯಿಲೆಗೆ ಕೆಲಸ ಮಾಡುವ ಮೊದಲ ಮಾತ್ರೆ ಬಂದದ್ದು 1950ರ ದಶಕದಲ್ಲಿ. ಆಗ ಇದ್ದದ್ದು ಬೀಗ ಒಂದೇ.

ಬೀಗವನ್ನೇ ಹಾಕಿದರು. ಕೊನೆಯ ವರ್ಷಗಳನ್ನು ಅವರು ಕೋಣೆಯೊಳಗೇ ಕಳೆದರು. ಪಕ್ಕದ ಕೋಣೆಯಲ್ಲಿ ಗಂಡ ಅನುವಾದಕ್ಕೆ ಕೂತಿರುತ್ತಿದ್ದರು, ಈ ಕಡೆಯಿಂದ ಕೂಗು. ಹುಚ್ಚಾಸ್ಪತ್ರೆಗೆ ಹಾಕಿಬಿಡಿ ಎನ್ನುವ ಕಾಲದಲ್ಲಿ ಕೇರಿ ಮನೆಯಲ್ಲೇ ಇಟ್ಟುಕೊಂಡರು. ಆಗಿನ ಅಂಥ ಜಾಗಗಳು ಹೇಗಿದ್ದವು ಎಂದು ಓದಿದವಳಾಗಿ ಹೇಳುತ್ತೇನೆ, ಅದು ಸಣ್ಣ ವಿಷಯ ಅಲ್ಲ. ಬೆಳಗಿನ ಜಾವ ಅಣ್ಣ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ ಇದೆ.

ಹಳೇ_ಅಚ್ಚು

ನಾನು ಅಚ್ಚುಕೂಟದಲ್ಲಿ ಮೊಳೆ (ಸೀಸದ ಅಕ್ಷರ) ಜೋಡಿಸಿ ಬದುಕಿದವನು. ಕಲ್ಕತ್ತಾ ಹತ್ತಿರದ ಶ್ರೀರಾಂಪುರ ಎಂದರೆ ನಮಗೆ ತವರು ಇದ್ದ ಹಾಗೆ.

1800ರ ಜನವರಿಯಲ್ಲಿ ಕೇರಿ ಕುಟುಂಬ ಶ್ರೀರಾಂಪುರಕ್ಕೆ ಬಂತು. ಅದು ಡೆನ್ಮಾರ್ಕಿನವರ ಊರು, ಕಂಪನಿಯ ಕಾಟ ಇರಲಿಲ್ಲ. ಇಂಗ್ಲೆಂಡಿನಿಂದ ಹೊಸದಾಗಿ ಬಂದಿದ್ದ ಜೋಶುವಾ ಮಾರ್ಷ್‌ಮನ್, ಹೆಂಡತಿ ಹ್ಯಾನಾ, ಅಚ್ಚಿನ ಕೆಲಸ ಬಲ್ಲ ವಿಲಿಯಂ ವಾರ್ಡ್ ಜೊತೆಯಾದರು. ಎಲ್ಲರದ್ದೂ ಒಂದೇ ಅಡಿಗೆ, ಒಂದೇ ಗಂಟು.

ಕೇರಿಯ ನಾಲ್ಕು ಗಂಡು ಮಕ್ಕಳು ಆಗ ಹೇಗಿದ್ದರು ಎಂದರೆ, ಹೇಳುವವರು ಕೇಳುವವರು ಇಲ್ಲ. ತಾಯಿಗೆ ಆಗದು. ತಂದೆಗೆ ಗದರಿಸಲು ಬಾರದು. ಅವರನ್ನು ಎತ್ತಿ ನಿಲ್ಲಿಸಿದವರು ಹ್ಯಾನಾ ಅವರು ಮತ್ತು ವಾರ್ಡ್. ಹ್ಯಾನಾ ಅವರಿಗೆ ತಮ್ಮದೇ ಮಕ್ಕಳು, ಜೊತೆಗೆ ಅದೇ ವರ್ಷ ತೆರೆದ ಬೋರ್ಡಿಂಗ್ ಶಾಲೆ. ಮಿಷನ್ನಿನ ಖರ್ಚು ಬಹಳಷ್ಟು ನಡೆದದ್ದು ಆ ಶಾಲೆಯ ಫೀಸಿನಲ್ಲಿ. ಅದರ ನಡುವೆ ಈ ನಾಲ್ವರ ಊಟ, ಬಟ್ಟೆ, ಬುದ್ಧಿಮಾತು. ವಾರ್ಡ್ ಅವರು ಫೀಲಿಕ್ಸ್‌ನನ್ನು ಅಚ್ಚುಕೂಟಕ್ಕೆ ಎಳೆದುಕೊಂಡರು. ತುಂಟ ಹುಡುಗ ಕೆಲಸಗಾರನಾದ. ಅಚ್ಚಿನ ಮಸಿಗೆ ಆ ಗುಣ ಇದೆ, ನಾನು ನನ್ನ ಮೇಲೇ ಕಂಡಿದ್ದೇನೆ.

1800ರ ಡಿಸೆಂಬರ್ 28 ನೆನಪಿಡಿ. ಬಡಗಿ ಕೃಷ್ಣ ಪಾಲ್‌ಗೂ ಫೀಲಿಕ್ಸ್‌ಗೂ ಹೂಗ್ಲಿ ನದಿಯಲ್ಲಿ ಒಟ್ಟಿಗೆ ದೀಕ್ಷಾಸ್ನಾನ. ಇಲ್ಲಿಯವರೊಬ್ಬರು ಕ್ರೈಸ್ತರಾಗಲಿ ಎಂದು ಏಳು ವರ್ಷ ಕಾದ ದಿನ ಅದು. ಆ ಹೊತ್ತಿನಲ್ಲಿ ಒಂದು ಕೋಣೆಯಲ್ಲಿ ಡೊರೊಥಿ ಅವರ ಕೂಗಾಟ. ಇನ್ನೊಂದರಲ್ಲಿ ಅದೇ ಥಾಮಸ್ ಡಾಕ್ಟರು. ಸಂತೋಷ ಜಾಸ್ತಿಯಾಗಿ ಅವರ ಬುದ್ಧಿಯೂ ಕೆಟ್ಟಿತ್ತು, ಕೂಡಿಹಾಕಿದ್ದರು. ಅಪ್ಪ ಮಗನ ಕೈ ಹಿಡಿದು ನೀರಿಗೆ ಇಳಿದರು.

ಇನ್ನು ನಮ್ಮ ಕನ್ನಡದ ವಿಷಯ. 1812ರ ಮಾರ್ಚ್ 11ರ ಸಂಜೆ ಶ್ರೀರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕೇರಿ ಕಲ್ಕತ್ತಾದಲ್ಲಿದ್ದರು. ಮರುದಿನ ಮಾರ್ಷ್‌ಮನ್ ಹೋಗಿ ಹೇಳಿದರು. ಸುಟ್ಟದ್ದರಲ್ಲಿ ಕೇರಿಯವರು ಕನ್ನಡಕ್ಕೆ ತಂದ ಬೈಬಲಿನ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಇತ್ತು. ತೆಲುಗು ವ್ಯಾಕರಣ, ಬಂಗಾಳಿ ನಿಘಂಟಿನ ಪುಟಗಳೂ ಹೋದವು. ಕರಗಿದ ಸೀಸ ಆಯ್ದು ಮತ್ತೆ ಮೊಳೆ ಎರಕ ಹೊಯ್ದರು. 1817ರಲ್ಲಿ ಅದೇ ಅಚ್ಚುಕೂಟದಿಂದ ಕೇರಿಯವರ ಕನ್ನಡ ವ್ಯಾಕರಣ ಬಂತು. ಹೆಸರಿನಲ್ಲಿ "ಕರ್ನಾಟ ಭಾಷೆ" ಎಂದೇ ಇದೆ. ಕಿಟೆಲ್ ನಿಘಂಟು 1894ರಲ್ಲಿ ಬರುವುದಕ್ಕೆ 77 ವರ್ಷ ಮುಂಚೆ. ಕನ್ನಡ ನಾಡಿಗೆ ಬಾರದೆ ಪಂಡಿತರನ್ನು ಕೂರಿಸಿಕೊಂಡು ಕಲಿತರು.

ಬೆಳಗಿನ_ಜಾವ

ಹಳೇ ಅಚ್ಚು ಸಾರ್, ಕಣ್ಣು ತುಂಬಿ ಬಂತು. ಮಕ್ಕಳು ಮುಂದೆ ಏನಾದರು ಎಂದು ಕೇಳುವವರಿಗಾಗಿ ಬರೆಯುತ್ತೇನೆ.

ಫೀಲಿಕ್ಸ್ 1807ರಲ್ಲಿ ಬರ್ಮಾಕ್ಕೆ ಹೋದರು. ಸಿಡುಬಿಗೆ ಲಸಿಕೆ ಹಾಕುವುದನ್ನು ಅಲ್ಲಿ ಶುರು ಮಾಡಿದರು, ಬರ್ಮೀ ವ್ಯಾಕರಣ ಬರೆದರು. ಮೊದಲ ಹೆಂಡತಿ ಬೇಗ ತೀರಿಕೊಂಡರು. 1814ರಲ್ಲಿ ಐರಾವತಿ ನದಿಯಲ್ಲಿ ದೋಣಿ ಮುಳುಗಿ ಎರಡನೇ ಹೆಂಡತಿಯೂ ಮಕ್ಕಳೂ ಹೋದರು. ಆಮೇಲೆ ಬರ್ಮಾ ರಾಜನ ರಾಯಭಾರಿಯಾಗಿ ಕಲ್ಕತ್ತಾಕ್ಕೆ ಬಂದರು. ತಂದೆಗೆ ಅದು ಇಷ್ಟವಾಗಲಿಲ್ಲ. ಕೆಲವು ವರ್ಷ ಎಲ್ಲೆಲ್ಲೋ ಅಲೆದು ಕೊನೆಗೆ ಶ್ರೀರಾಂಪುರಕ್ಕೆ ಮರಳಿ ಬಂಗಾಳಿಯಲ್ಲಿ ವಿಶ್ವಕೋಶ ಬರೆಯುವ ಕೆಲಸ ಹಿಡಿದರು. 1822ರಲ್ಲಿ ತಂದೆಗಿಂತ ಮೊದಲೇ ಹೋದರು. ಹುಚ್ಚು ಹಿಡಿದ ತಾಯಿಯನ್ನು ದಿನಾ ನೋಡುತ್ತಾ ಬೆಳೆದ ಹುಡುಗ. ನನಗೆ ಅವರ ಮೇಲೆ ಯಾವ ದೂರೂ ಇಲ್ಲ.

ವಿಲಿಯಂ ಬಂಗಾಳದ ಕಾಟ್ವಾದಲ್ಲಿ ಬೋಧಕರಾದರು. ಜೇಬಜ್ ಈಗಿನ ಇಂಡೋನೇಷ್ಯಾದ ಅಂಬೋಯ್ನಾ ದ್ವೀಪಕ್ಕೆ, ಆಮೇಲೆ ಅಜ್ಮೇರಿಗೆ. ಜೊನಾಥನ್ ಕಲ್ಕತ್ತಾದಲ್ಲಿ ವಕೀಲರು.

ಇನ್ನೊಬ್ಬರನ್ನು ಮರೆಯಬಾರದು. ಕೇರಿಯವರ ತಂಗಿ ಮೇರಿ, ಮನೆಯಲ್ಲಿ ಪಾಲಿ ಅಂತ ಕರೆಯುತ್ತಿದ್ದರು. ಮೈ ಸ್ವಾಧೀನ ತಪ್ಪಿ ಸುಮಾರು ಐವತ್ತು ವರ್ಷ ಹಾಸಿಗೆಯಲ್ಲೇ. ಮಾತೂ ಬಹಳ ಕಾಲ ನಿಂತಿತ್ತು. ಮಲಗಿದಲ್ಲೇ ಅಣ್ಣನಿಗೆ ಪತ್ರ ಬರೆಯುತ್ತಿದ್ದರು, ಅವರ ಕೆಲಸಕ್ಕೆ ಪ್ರಾರ್ಥನೆ ಮಾಡುತ್ತಿದ್ದರು. ಅಣ್ಣ ಮನೆಯ ಗುಟ್ಟೆಲ್ಲ ಹೇಳಿಕೊಳ್ಳುತ್ತಿದ್ದದ್ದು ತಂಗಿಯರಿಗೇ.

ಕಟ್ಟೆಮನೆ_ಓದು

ಇಷ್ಟು ಜನ ಬರೆದಿರಿ. ಒಬ್ಬೊಬ್ಬರಿಗೂ ಕೈ ಮುಗಿಯುತ್ತೇನೆ.

ಡೊರೊಥಿ ಅವರು 1807ರ ಡಿಸೆಂಬರ್ 8ರಂದು ಶ್ರೀರಾಂಪುರದಲ್ಲಿ ತೀರಿಕೊಂಡರು. ಮನಸ್ಸು ಕೆಟ್ಟು ಹನ್ನೆರಡು ವರ್ಷ ಆಗಿತ್ತು. ಊರಿಗೆ ಒಂದು ಸಲವೂ ಮರಳಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಕೇರಿ ಷಾರ್ಲೆಟ್ ರೂಮೋರ್ ಎಂಬ ಡೆನ್ಮಾರ್ಕಿನ ಹೆಂಗಸನ್ನು ಮದುವೆಯಾದರು. ಇಷ್ಟು ಬೇಗವೇ ಎಂದು ಜೊತೆಗಾರರೂ ಬೇಸರಪಟ್ಟರು. ಷಾರ್ಲೆಟ್ ಅವರು ಓದಿದವರು, ಹಲವು ಭಾಷೆ ಬಲ್ಲವರು, ಕಾಲು ಸರಿ ಇಲ್ಲದೆ ನಡೆಯುವುದೇ ಕಷ್ಟ. ಹದಿಮೂರು ವರ್ಷದ ಆ ಸಂಸಾರ ತುಂಬಾ ಚೆನ್ನಾಗಿತ್ತು. 1821ರಲ್ಲಿ ಅವರೂ ಹೋದ ಮೇಲೆ ಗ್ರೇಸ್ ಹ್ಯೂಸ್ ಎಂಬ ವಿಧವೆಯನ್ನು ಮದುವೆಯಾದರು. ಕೇರಿ ತೀರಿಕೊಂಡದ್ದು 1834ರ ಜೂನ್ 9.

ಉಯಿಲು ಓದಿದೆ. ಆಸ್ತಿ ಅಂತ ಏನೂ ಇಲ್ಲ. ಉಳಿದ ಮಕ್ಕಳಿಗೆ ಕೊಟ್ಟಷ್ಟು ಜೇಬಜ್‌ಗೆ ಕೊಟ್ಟಿಲ್ಲ, ನನ್ನ ಪುಸ್ತಕ ಮಾರಿ 1,500 ರೂಪಾಯಿ ಕೊಡಿ ಎಂದು ಬರೆದಿದ್ದಾರೆ. ಕೆಲವೇ ವಾರದ ಕೂಸಾಗಿ ಹಡಗು ಹತ್ತಿದ ಅದೇ ಜೇಬಜ್. ಇನ್ನೊಂದು ಸಾಲು ಇದೆ. ನನ್ನನ್ನು ಎರಡನೇ ಹೆಂಡತಿ ಷಾರ್ಲೆಟ್ ಪಕ್ಕದಲ್ಲಿ ಮಣ್ಣು ಮಾಡಿ ಎಂದು. ಅಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಅಡಿಗೆಮನೆಗೆ ಹೋದೆ.

ಕೇರಿಯವರ ಮೇಲಿನ ನನ್ನ ಗೌರವ ಕಡಿಮೆಯಾಗಿಲ್ಲ. ಆದರೆ ಅವರ ಕೆಲಸದ ಬೆಲೆಯಲ್ಲಿ ಒಂದು ಪಾಲು ತೆತ್ತವರು ಡೊರೊಥಿ. ಅವರು ಬರಲ್ಲ ಎಂದರೂ ಬಿಡದೆ ತೆಗೆದುಕೊಂಡ ಪಾಲು ಅದು. ನಮ್ಮ ಪಾಠದ ಪುಸ್ತಕದಲ್ಲಿ ಅವರಿಗೆ ಒಂದು ಪುಟವಾದರೂ ಬೇಕು. ಈ ಭಾನುವಾರ ಮತ್ತೆ ಕೇರಿ ಪಾಠ ಇದೆ. ಪಿಡಿಂಗ್ಟನ್ ಚರ್ಚಿನ ಆ ಕತ್ತರಿ ಗೀಟಿನಿಂದಲೇ ಶುರು ಮಾಡುತ್ತೇನೆ. ಆ ಹುಡುಗಿಯನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತೇನೆ.

ನರ್ಸಕ್ಕ_ಧಾರವಾಡ

ಮಕ್ಕಳಿಗೆ ಹೇಳುವಾಗ "ಹುಚ್ಚಿ" ಅನ್ನಬೇಡಿ ತಂಗಿ, "ಮನಸ್ಸಿಗೆ ಕಾಯಿಲೆ ಬಂತು" ಅನ್ನಿ. ಜ್ವರ ಬಂದ ಹಾಗೆ ಅದೂ ಬರುತ್ತದೆ ಅನ್ನಿ. ಆ ಕ್ಲಾಸಿನಲ್ಲಿ ಯಾವುದೋ ಮಗುವಿನ ಮನೆಯಲ್ಲೂ ಇಂಥವರು ಇರಬಹುದು.

ಕಟ್ಟೆಮನೆ_ಓದು

ಖಂಡಿತ ಅಕ್ಕಾ. ಬರೆದಿಟ್ಟುಕೊಂಡೆ.

ಕಾನುಮನೆ

ತಡವಾಗಿ ಬಂದೆ. ನಮ್ಮ ಮಲೆನಾಡಿನ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಕೌಲು ಮರ ಇರುತ್ತದಲ್ಲ, ಅದರ ಸಸ್ಯಶಾಸ್ತ್ರದ ಹೆಸರು ಕೇರಿಯಾ ಆರ್ಬೋರಿಯಾ. ಕೇರಿಯವರು ಗಿಡಮರದ ಹುಚ್ಚಿನವರು, 1820ರಲ್ಲಿ ಕಲ್ಕತ್ತಾದಲ್ಲಿ ಕೃಷಿ ತೋಟಗಾರಿಕೆ ಸಂಘ ಕಟ್ಟಿದವರು. ಅವರ ಸ್ನೇಹಿತ, ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್, ಕೇರಿಯವರ ಹೆಸರನ್ನೇ ಈ ಮರದ ಕುಲಕ್ಕೆ ಇಟ್ಟರು. ನಮ್ಮ ಮನೆ ಹಿಂದಿನದ್ದು ಈಗ ಹೂ ಬಿಟ್ಟಿದೆ, ಬಿಳಿ ಎಸಳು, ನಡುವೆ ಕುಚ್ಚು. ಮಕ್ಕಳಿಗೆ ತೋರಿಸಲು ಬೇಕಿದ್ದರೆ ಹೇಳಿ ಮೇಡಂ, ನಾಳೆ ಬೆಳಿಗ್ಗೆ ಉದುರುವ ಮೊದಲೇ ಫೋಟೋ ತೆಗೆದು ಕಳಿಸುತ್ತೇನೆ.